ಅಳತೆಯ ಸಾಕ್ಷಿಯೇ ಅಲುಗಿದಾಗ: ಆಪ್-ಆಂಪ್ ಪ್ರಮಾಣ ವೋಲ್ಟೇಜಿನ ದೋಷಶೋಧನೆ

ಸಂತೆಯಲ್ಲಿ ವ್ಯಾಪಾರಿಯು ರಾಗಿಯನ್ನು ತೂಗುವಾಗ ಕೊಳ್ಳುವವನ ದೃಷ್ಟಿಯೆಲ್ಲವೂ ತಕ್ಕಡಿಯ ಮುಳ್ಳಿನ ಮೇಲೆಯೇ ನೆಟ್ಟಿರುತ್ತದೆ. ತೂಕದ ಕಲ್ಲನ್ನು ಯಾರೂ ಸಂಶಯಿಸುವುದಿಲ್ಲ. ಆದರೆ ಕಲ್ಲು ಸವೆದಿದ್ದರೆ ಮುಳ್ಳು ಎಷ್ಟು ನೇರವಾಗಿ ನಿಂತರೂ ತೂಕ ಸುಳ್ಳೇ ಆಗುತ್ತದೆ. ವಿದ್ಯುನ್ಮಾನ ಸಾಧನಗಳಲ್ಲಿಯೂ ಇಂತಹ ಒಂದು ತೂಕದ ಕಲ್ಲು ಅಡಗಿದೆ. ಅದೇ ಪ್ರಮಾಣ ವೋಲ್ಟೇಜು. ಕಾರ್ಖಾನೆಯ ಆಡುಮಾತಿನಲ್ಲಿ ಅದಕ್ಕೆ ‘ರೆಫರೆನ್ಸ್’ ಎಂದೇ ಹೆಸರು. ಆ ಕಲ್ಲು ಸವೆಯುವುದಕ್ಕೆ ಬದಲಾಗಿ ಅಲುಗತೊಡಗಿದರೆ ಏನಾಗುತ್ತದೆ, ಆ ಅಲುಗಾಟವನ್ನು ಕಂಡುಹಿಡಿದು ನಿಲ್ಲಿಸುವ ಬಗೆ ಹೇಗೆ ಎಂಬುದನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ವಿಷಯವನ್ನು ಬರೆಯಲು ಕಾರಣವಾದುದು ಹೆಬ್ಬಗೋಡಿಯಲ್ಲಿ ನಡೆದ ಒಂದು ಪ್ರಸಂಗ. ಕರ್ನಾಟಕ ಸರಕಾರದ ಕಿಯೋನಿಕ್ಸ್ ಸಂಸ್ಥೆಯು ೧೯೭೬ರಲ್ಲಿ ಹುಟ್ಟಿ, ಆರ್. ಕೆ. ಬಾಳಿಗರ ನೇತೃತ್ವದಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ ೩೩೨ ಎಕರೆ ನೆಲದಲ್ಲಿ ಎಲೆಕ್ಟ್ರಾನಿಕ್ಸ್ ನಗರಕ್ಕೆ ಅಡಿಪಾಯ ಹಾಕಿದ್ದು ವಾಚಕರಲ್ಲಿ ಅನೇಕರಿಗೆ ತಿಳಿದಿರಬಹುದು. ಹೊಸೂರು ರಸ್ತೆಯಲ್ಲಿ ಅಲ್ಲಿಂದ ಮುಂದೆ ಸಿಗುವ ಆನೇಕಲ್ ತಾಲ್ಲೂಕಿನ ಹೆಬ್ಬಗೋಡಿ ಮತ್ತು ಬೊಮ್ಮಸಂದ್ರಗಳು ರಾಗಿಹೊಲಗಳ ಊರುಗಳಾಗಿದ್ದುವು. ಈಗ ಅವು ಕಾರ್ಖಾನೆಗಳ ಊರುಗಳು. ೨೦೨೫ರ ಆಗಸ್ಟ್ ೧೦ರಂದು ಮೆಟ್ರೋ ರೈಲೂ ಹೆಬ್ಬಗೋಡಿಗೆ ಬಂದಿತು. ದೊಡ್ಡ ಸಂಸ್ಥೆಗಳ ಹೆಸರು ಎಲ್ಲರಿಗೂ ಗೊತ್ತು. ಆದರೆ ಒಳಗಲ್ಲಿಗಳಲ್ಲಿ ಹತ್ತು ಹದಿನೈದು ಜನ ಕುಳಿತು ಬೋರ್ಡುಗಳಿಗೆ ಬೆಸುಗೆ ಹಾಕುವ ಚಿಕ್ಕ ಘಟಕಗಳೂ ಅಲ್ಲಿವೆ. ಅಂತಹ ಒಂದು ಘಟಕದಲ್ಲಿ ವಿದ್ಯುನ್ಮಂಡಲಗಳ ವಿನ್ಯಾಸದ ಹೊಣೆ ಈ ಲೇಖಕನದಾಗಿತ್ತು.

ಪ್ರಮಾಣ ವೋಲ್ಟೇಜು ಎಂದರೇನು?

ಉಷ್ಣತೆ, ಒತ್ತಡ, ತೂಕ ಮುಂತಾದುವನ್ನು ಅಳೆಯುವ ಇಂದಿನ ಸಾಧನಗಳು ಮೊದಲು ಆ ರಾಶಿಯನ್ನು ವೋಲ್ಟೇಜಾಗಿ ಮಾರ್ಪಡಿಸಿಕೊಳ್ಳುತ್ತವೆ. ಬಳಿಕ ಆ ವೋಲ್ಟೇಜನ್ನು ತಮ್ಮೊಳಗಿರುವ ಒಂದು ಸ್ಥಿರ ವೋಲ್ಟೇಜಿನೊಡನೆ ಹೋಲಿಸಿ, ಅದರ ಎಷ್ಟನೆಯ ಭಾಗವೆಂದು ಎಣಿಸಿ, ಅಂಕಿಯನ್ನು ತೋರಿಸುತ್ತವೆ. ಹೋಲಿಕೆಗೆ ಆಧಾರವಾದ ಆ ಸ್ಥಿರ ವೋಲ್ಟೇಜೇ ಪ್ರಮಾಣ ವೋಲ್ಟೇಜು.

ಇಂತಹ ಪ್ರಮಾಣಕ್ಕಾಗಿ ವಿಜ್ಞಾನಿಗಳು ಬಹುಕಾಲ ಶ್ರಮಿಸಿದ್ದಾರೆ. ೧೮೯೩ರಲ್ಲಿ ಎಡ್ವರ್ಡ್ ವೆಸ್ಟನ್ ರೂಪಿಸಿದ ಕೋಶವು ಸುಮಾರು ೧.೦೧೮ ವೋಲ್ಟನ್ನು ಕೊಡುತ್ತಿತ್ತು. ಪ್ರಪಂಚದ ಪ್ರಯೋಗಾಲಯಗಳು ದಶಕಗಳ ಕಾಲ ಅದನ್ನೇ ನೆಚ್ಚಿದ್ದುವು. ಅನಂತರ ೧೯೬೨ರಲ್ಲಿ ಬ್ರಯನ್ ಜೋಸೆಫ್‌ಸನ್ ಮುನ್ಸೂಚಿಸಿದ ಪರಿಣಾಮವು ಆ ಸ್ಥಾನವನ್ನು ಪಡೆಯಿತು. ೨೦೧೯ರ ಮೇ ೨೦ರಿಂದ ವೋಲ್ಟು ಪ್ರಕೃತಿಯ ನಿಯತಾಂಕಗಳಿಗೇ ನೇರವಾಗಿ ಬಂಧಿತವಾಗಿದೆ. ನಮ್ಮ ದೇಶದಲ್ಲಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವು ಈ ಪ್ರಮಾಣವನ್ನು ಕಾಪಾಡುತ್ತದೆ. ಅಲ್ಲಿಂದ ಪೀಣ್ಯದಲ್ಲಿರುವ ಸರಕಾರಿ ಎಲೆಕ್ಟ್ರಾನಿಕ್ಸ್ ಪರೀಕ್ಷಾ ಕೇಂದ್ರದಂತಹ ಸಂಸ್ಥೆಗಳಿಗೆ, ಅಲ್ಲಿಂದ ಕಾರ್ಖಾನೆಯ ಮೀಟರಿಗೆ, ಮೀಟರಿನಿಂದ ಬೋರ್ಡಿಗೆ ಪ್ರಾಮಾಣ್ಯವು ಸರಪಣಿಯಂತೆ ಇಳಿದು ಬರುತ್ತದೆ. ಸರಪಣಿಯ ಕಡೆಯ ಕೊಂಡಿ ಸಡಿಲವಾದರೆ ಮೇಲಿನ ಕೊಂಡಿಗಳೆಲ್ಲವೂ ನಿಷ್ಪ್ರಯೋಜಕವೇ.

ನಮ್ಮ ಬೋರ್ಡಿನಲ್ಲಿ ಆ ಕಡೆಯ ಕೊಂಡಿ ಎರಡು ಭಾಗಗಳಿಂದ ಕೂಡಿತ್ತು. ಒಂದು, ಸುಮಾರು ೨.೫ ವೋಲ್ಟನ್ನು ಕೊಡುವ ಟಿಎಲ್ ೪೩೧ ಎಂಬ ಬಿಡಿಭಾಗ. ಸಿಲಿಕಾನ್ ಸಂಧಿಯ ವೋಲ್ಟೇಜು ಬಿಸಿಯೇರಿದಂತೆಲ್ಲ ಡಿಗ್ರಿಗೆ ಸುಮಾರು ೨ ಮಿಲಿವೋಲ್ಟಿನಂತೆ ಇಳಿಯುತ್ತದೆ. ಬಿಸಿಯೊಡನೆ ಏರುವ ಮತ್ತೊಂದು ವೋಲ್ಟೇಜನ್ನು ಅದಕ್ಕೆ ಕೂಡಿಸಿ, ಇಳಿತಕ್ಕೆ ಏರಿಕೆಯನ್ನು ಸರಿಹೊಂದಿಸಿ, ಮೊತ್ತವನ್ನು ಸ್ಥಿರವಾಗಿಡುವುದೇ ಇದರ ಒಳಗುಟ್ಟು. ಎರಡನೆಯದು, ಎಲ್‌ಎಂ ೩೫೮ ಎಂಬ ಆಪ್-ಆಂಪ್, ಅಂದರೆ ಆಪರೇಷನಲ್ ಆಂಪ್ಲಿಫೈಯರ್. ಪ್ರಮಾಣ ಭಾಗದಿಂದಲೇ ನೇರವಾಗಿ ಪ್ರವಾಹವನ್ನು ಸೆಳೆದರೆ ಅದರ ವೋಲ್ಟೇಜು ಕದಲಬಹುದು. ಆದುದರಿಂದ ನಡುವೆ ಆಪ್-ಆಂಪನ್ನು ನಿಲ್ಲಿಸಿ, ಬೇಕಾದ ಪ್ರವಾಹವನ್ನು ಅದೇ ಒದಗಿಸುವಂತೆ ಮಾಡುವುದು ರೂಢಿ. ಅದರ ಹೊರದಾರಿಯಲ್ಲಿ, ಏರಿಳಿತಗಳನ್ನು ನುಂಗಿಕೊಳ್ಳಲೆಂದು, ೧೦ ಮೈಕ್ರೋಫ್ಯಾರಡ್‌ನ ಒಂದು ಕೆಪಾಸಿಟರನ್ನು ಇರಿಸಲಾಗಿತ್ತು.

ನಡೆದ ಸಂಗತಿ

ಹಳ್ಳಿಗಳ ಹಾಲು ಶೀತಲೀಕರಣ ತೊಟ್ಟಿಗಳಿಗೆ ಉಷ್ಣತಾಸೂಚಕಗಳನ್ನು ನಮ್ಮ ಘಟಕವು ಸಿದ್ಧಪಡಿಸುತ್ತಿತ್ತು. ಹಾಲನ್ನು ೪ ಡಿಗ್ರಿ ಸೆಲ್ಸಿಯಸ್‌ಗೆ ತಂಪುಗೊಳಿಸಿ ಇಡಬೇಕಷ್ಟೆ. ಸೂಚಕವು ಸುಳ್ಳು ಹೇಳಿದರೆ ಒಂದು ಊರಿನ ರೈತರು ಬೆಳಗಿನ ಜಾವ ಎದ್ದು ಕರೆದು ತಂದ ಹಾಲೆಲ್ಲವೂ ಒಡೆದುಹೋಗಬಹುದು. ಹಿಂದಿನ ಬೋರ್ಡುಗಳಲ್ಲಿ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳಿದ್ದುವು. ಅವುಗಳ ಒಳಗಿನ ದ್ರವವು ಕೆಲವು ವರ್ಷಗಳಲ್ಲಿ ಆರಿಹೋಗುತ್ತಿತ್ತು. ಆದಕಾರಣ ಹೊಸ ತಂಡದ ನಲವತ್ತು ಬೋರ್ಡುಗಳಿಗೆ ಅದೇ ಬೆಲೆಯ ಸೆರಾಮಿಕ್ ಕೆಪಾಸಿಟರುಗಳನ್ನು ಹಾಕಬೇಕೆಂದು ನಾನೇ ಬರೆದುಕೊಟ್ಟೆ. ಸೆರಾಮಿಕ್ ಆರುವುದಿಲ್ಲ, ಅದರ ಆಂತರಿಕ ರೋಧವೂ ಅತ್ಯಲ್ಪ. ಎಲ್ಲ ರೀತಿಯಿಂದಲೂ ಉತ್ತಮವಾದುದು ಎಂದು ನನ್ನ ನಂಬಿಕೆ.

ಬೋರ್ಡುಗಳು ಸಿದ್ಧವಾದುವು. ಸಂವೇದಕಗಳನ್ನು ಮಂಜುಗಡ್ಡೆಯ ನೀರಿನಲ್ಲಿ ಮುಳುಗಿಸಿದಾಗ ಅಂಕಿಗಳು ನಿಲ್ಲಲೇ ಇಲ್ಲ. ಸೊನ್ನೆಯ ಸುತ್ತ ಒಂದು ಡಿಗ್ರಿ ಮೇಲೆ, ಒಂದು ಡಿಗ್ರಿ ಕೆಳಗೆ ಕುಣಿಯತೊಡಗಿದುವು. ಮಲ್ಟಿಮೀಟರಿನಿಂದ ಪ್ರಮಾಣ ವೋಲ್ಟೇಜನ್ನು ನೋಡಿದರೆ ೨.೫೦ ಎಂದು ಕಲ್ಲಿನಂತೆ ನಿಂತಿತ್ತು. ಪ್ರಮಾಣ ಸರಿಯಾಗಿದೆ, ಆದುದರಿಂದ ದೋಷ ಬೆಸುಗೆಯಲ್ಲಿಯೇ ಇರಬೇಕು ಎಂದು ಎಲ್ಲರೂ ತೀರ್ಮಾನಿಸಿದರು. ನಾನೂ ಹಾಗೆಯೇ ತೀರ್ಮಾನಿಸಿದೆ. ಬೆಸುಗೆಯ ಮೇಜಿನಲ್ಲಿದ್ದವಳು ಆನೇಕಲ್ ಕಡೆಯ ಒಬ್ಬ ಹೆಣ್ಣುಮಗಳು, ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಬೋರ್ಡುಗಳನ್ನೆಲ್ಲ ಮತ್ತೆ ಬೆಸೆಯಬೇಕೆಂದೂ, ವ್ಯರ್ಥವಾದ ದಿನಗಳ ಕೂಲಿಯನ್ನು ಹಿಡಿಯಲಾಗುವುದೆಂದೂ ಅವಳಿಗೆ ತಿಳಿಸಲಾಯಿತು. ಅವಳು ಎರಡು ದಿನ ಮರುಬೆಸುಗೆ ಹಾಕಿದಳು. ಅಂಕಿಗಳ ಕುಣಿತ ಮಾತ್ರ ನಿಲ್ಲಲಿಲ್ಲ.

ಮೂರನೆಯ ದಿನ ಅವಳು ಅಂಜುತ್ತ ಬಂದು, “ಸಾರ್, ಬೈಯಬೇಡಿ. ಹೊಸ ಕೆಪಾಸಿಟರು ಸಾಲದೆ ಬಂದಾಗ ಮೂರು ಬೋರ್ಡಿಗೆ ಹಳೇದನ್ನೇ ಹಾಕಿದ್ದೆ. ಆ ಮೂರೂ ಸರಿಯಾಗಿವೆ” ಎಂದಳು. ಅಪ್ಪಣೆಯನ್ನು ಮೀರಿದುದಕ್ಕಾಗಿ ಕ್ಷಮೆ ಬೇಡಲು ಬಂದವಳು ರೋಗದ ಮೂಲವನ್ನೇ ತೋರಿಸಿಕೊಟ್ಟಿದ್ದಳು.

ಬೇರೊಂದು ಕಡೆಯಿಂದ ಆಸಿಲೋಸ್ಕೋಪನ್ನು ಎರವಲು ತಂದು ನೋಡಿದೆವು. ಸ್ಥಿರವಾಗಿದೆಯೆಂದು ನಾವು ನಂಬಿದ್ದ ೨.೫ ವೋಲ್ಟು ಸೆಕೆಂಡಿಗೆ ಸುಮಾರು ಹನ್ನೆರಡು ಸಾವಿರ ಬಾರಿ ಮೇಲಕ್ಕೂ ಕೆಳಕ್ಕೂ ತೂಗುತ್ತಿತ್ತು. ಮಲ್ಟಿಮೀಟರು ಆ ಏರಿಳಿತದ ಸರಾಸರಿಯನ್ನು ಮಾತ್ರ ಹೇಳುತ್ತಿತ್ತು. ಅಳತೆಯ ಮಂಡಲವಾದರೋ ಕ್ಷಣಮಾತ್ರದಲ್ಲಿ ಹೋಲಿಸಿ ಮುಗಿಸುವಂಥದು. ಏರಿದಾಗ ಹೋಲಿಸಿದರೆ ಒಂದು ಅಂಕಿ, ಇಳಿದಾಗ ಹೋಲಿಸಿದರೆ ಇನ್ನೊಂದು. ನಾವು ಬಳಸುತ್ತಿದ್ದ ಪ್ಲಾಟಿನಂ ಸಂವೇದಕದ ರೋಧವು ಸೊನ್ನೆ ಡಿಗ್ರಿಯಲ್ಲಿ ೧೦೦ ಓಮ್. ಅಲ್ಲಿಂದ ಡಿಗ್ರಿಯೊಂದಕ್ಕೆ ಅದು ಹೆಚ್ಚುವುದು ಸುಮಾರು ೦.೩೯ ಓಮ್ ಮಾತ್ರ. ಸಂವೇದಕಕ್ಕೆ ಪ್ರವಾಹವು ಬೇರೊಂದು ಮೂಲದಿಂದ ಬರುವ ಇಂತಹ ಮಂಡಲದಲ್ಲಿ, ೨.೫ ವೋಲ್ಟಿನ ಪ್ರಮಾಣವು ೧೦ ಮಿಲಿವೋಲ್ಟಿನಷ್ಟು, ಎಂದರೆ ಶೇಕಡಾ ೦.೪ರಷ್ಟು ಕದಲಿದರೂ ಸಾಕು, ಉಷ್ಣತೆಯಲ್ಲಿ ಒಂದು ಪೂರ್ಣ ಡಿಗ್ರಿಯ ತಪ್ಪು ಕಾಣುತ್ತದೆ.

ಮರುಪೂರಣ ಮತ್ತು ವಿಳಂಬ

ಸ್ಥಿರತೆಗೆಂದೇ ಹಾಕಿದ ಕೆಪಾಸಿಟರು ಅಸ್ಥಿರತೆಯನ್ನು ತಂದುದು ಹೇಗೆ? ಇದನ್ನು ತಿಳಿಯಲು ಆಪ್-ಆಂಪ್ ಕೆಲಸ ಮಾಡುವ ರೀತಿಯನ್ನು ಅರಿಯಬೇಕು.

ಅಮೆರಿಕದ ಹೆರಾಲ್ಡ್ ಬ್ಲ್ಯಾಕ್ ಎಂಬ ಎಂಜಿನಿಯರು ೧೯೨೭ರ ಆಗಸ್ಟ್ ೨ರಂದು ಹಡ್ಸನ್ ನದಿಯನ್ನು ದೋಣಿಯಲ್ಲಿ ದಾಟುತ್ತಿದ್ದಾಗ ಹೊಳೆದ ಒಂದು ವಿಚಾರವನ್ನು ಕೈಯಲ್ಲಿದ್ದ ವೃತ್ತಪತ್ರಿಕೆಯ ಮೇಲೆಯೇ ಬರೆದುಕೊಂಡನು. ವರ್ಧಕದ ಹೊರಬರುವಿಕೆಯ ಒಂದು ಭಾಗವನ್ನು ಒಳಕ್ಕೆ ಹಿಂತಿರುಗಿಸಿ, ಮೂಲದೊಡನೆ ಹೋಲಿಸಿ, ಕಂಡ ತಪ್ಪನ್ನು ಕಳೆಯುತ್ತ ಹೋಗಬೇಕೆಂಬುದೇ ಆ ವಿಚಾರ. ಇದಕ್ಕೆ ಋಣ ಮರುಪೂರಣವೆಂದು ಹೆಸರು. ಆಪ್-ಆಂಪಿನ ಸಾಮರ್ಥ್ಯವೆಲ್ಲವೂ ನಿಂತಿರುವುದು ಈ ಮರುಪೂರಣದ ಮೇಲೆಯೇ. ಆದರೆ ಒಂದು ನಿಬಂಧನೆಯಿದೆ. ಹಿಂತಿರುಗುವ ಸುದ್ದಿ ತಡವಾಗಬಾರದು.

ಕೆರೆಯ ತೂಬಿನ ಬಳಿ ನಿಂತ ನೀರುಗಂಟಿಯನ್ನು ನೆನೆಯೋಣ. ಕಾಲುವೆಯ ತುದಿಯ ಗದ್ದೆಯಿಂದ “ನೀರು ಸಾಕು” ಎಂಬ ಸುದ್ದಿ ಒಡನೆಯೇ ಮುಟ್ಟಿದರೆ ಅವನು ತೂಬನ್ನು ಹದವಾಗಿ ತಿರುಗಿಸಬಲ್ಲನು. ಸುದ್ದಿ ಬಹಳ ತಡವಾಗಿ ಬಂದರೆ? ಗದ್ದೆ ತುಂಬಿ ಹರಿಯುತ್ತಿರುವಾಗ “ನೀರು ಬೇಕು” ಎಂಬ ಹಳೆಯ ಸುದ್ದಿ ತಲಪಿ ಅವನು ತೂಬನ್ನು ಇನ್ನಷ್ಟು ತೆರೆಯುತ್ತಾನೆ. ಗದ್ದೆ ಒಣಗುತ್ತಿರುವಾಗ “ಸಾಕು” ಎಂಬುದು ತಲಪಿ ಮುಚ್ಚುತ್ತಾನೆ. ನೀರುಗಂಟಿಯೂ ಪ್ರಾಮಾಣಿಕ, ಸುದ್ದಿ ತಂದವನೂ ಪ್ರಾಮಾಣಿಕ. ಆದರೂ ಗದ್ದೆಯಲ್ಲಿ ನೆರೆಯೂ ಬರವೂ ಸರದಿಯಂತೆ ಬರುತ್ತವೆ. ಇದೇ ಆಂದೋಲನ.

ವಿದ್ಯುನ್ಮಂಡಲದಲ್ಲಿ ಈ ವಿಳಂಬವನ್ನು ಡಿಗ್ರಿಗಳಲ್ಲಿ ಹೇಳುವುದುಂಟು. ಒಂದು ಪೂರ್ಣ ಏರಿಳಿತಕ್ಕೆ ೩೬೦ ಡಿಗ್ರಿ. ಅದರ ಅರ್ಧ, ಅಂದರೆ ೧೮೦ ಡಿಗ್ರಿಯಷ್ಟು ಸುದ್ದಿ ಹಿಂದುಳಿದರೆ ತಿದ್ದಬೇಕಾದ ಮರುಪೂರಣವು ತಪ್ಪನ್ನೇ ಪೋಷಿಸತೊಡಗುತ್ತದೆ. ಆಪ್-ಆಂಪು ಸ್ವಭಾವತಃ ೯೦ ಡಿಗ್ರಿ ವಿಳಂಬವನ್ನು ಹೊಂದಿದೆ. ಉಳಿದ ೯೦ ಡಿಗ್ರಿಯೇ ನಮ್ಮ ಬಂಡವಾಳ.

ಲೆಕ್ಕದ ಸೌಲಭ್ಯಕ್ಕಾಗಿ ಆಪ್-ಆಂಪಿನ ಹೊರದಾರಿಯ ರೋಧವನ್ನು ೧೦೦ ಓಮ್ ಎಂದಿಟ್ಟುಕೊಳ್ಳೋಣ. ಅದಕ್ಕೆ ೧೦ ಮೈಕ್ರೋಫ್ಯಾರಡ್ ಕೂಡಿದರೆ, ಸೆಕೆಂಡಿಗೆ ಸುಮಾರು ೧೬೦ ಬಾರಿಗಿಂತ ವೇಗದ ಏರಿಳಿತಗಳು ತಡವಾಗತೊಡಗುತ್ತವೆ. ವೇಗ ಹೆಚ್ಚಿದಂತೆಲ್ಲ ಈ ವಿಳಂಬವೂ ೯೦ ಡಿಗ್ರಿಯನ್ನು ಸಮೀಪಿಸುತ್ತದೆ. ಎಲ್‌ಎಂ ೩೫೮ರ ವರ್ಧನಶಕ್ತಿ ಸೆಕೆಂಡಿಗೆ ಸುಮಾರು ೧೦ ಲಕ್ಷ ಬಾರಿಯ ವೇಗದವರೆಗೆ ಉಳಿಯುವಂಥದು. ಈ ಎರಡನ್ನೂ ಕೂಡಿಸಿ ಲೆಕ್ಕ ಹಾಕಿದರೆ, ಮರುಪೂರಣದ ಬಲ ಮುಗಿಯುವುದು ಸೆಕೆಂಡಿಗೆ ಸುಮಾರು ೧೨,೬೦೦ ಬಾರಿಯ ವೇಗದಲ್ಲಿ. ಅಲ್ಲಿ ಉಳಿಯುವ ಬಂಡವಾಳ ಒಂದು ಡಿಗ್ರಿಯಷ್ಟೂ ಇಲ್ಲ. ಆಪ್-ಆಂಪಿನೊಳಗಿನ ಇತರ ಸಣ್ಣ ವಿಳಂಬಗಳು ಅದನ್ನೂ ತಿಂದುಹಾಕುತ್ತವೆ. ಆಸಿಲೋಸ್ಕೋಪಿನಲ್ಲಿ ಕಂಡ ಹನ್ನೆರಡು ಸಾವಿರಕ್ಕೂ ಈ ಲೆಕ್ಕಕ್ಕೂ ಇರುವ ಸಾಮೀಪ್ಯವನ್ನು ಗಮನಿಸಬಹುದು.

ಹಾಗಾದರೆ ಹಳೆಯ ಬೋರ್ಡುಗಳು ಸರಿಯಾಗಿದ್ದುದೇಕೆ? ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನೊಳಗೆ ಎರಡು ಓಮ್‌ನಷ್ಟು ಆಂತರಿಕ ರೋಧವಿರುವುದುಂಟು. ಪುಸ್ತಕಗಳು ಇದನ್ನು ದೋಷವೆಂದೇ ಎಣಿಸುತ್ತವೆ. ಆದರೆ ಆ ಎರಡು ಓಮ್, ವೇಗದ ಏರಿಳಿತಗಳನ್ನು ಕೆಪಾಸಿಟರು ಪೂರ್ತಿಯಾಗಿ ನುಂಗದಂತೆ ತಡೆದು, ಸುದ್ದಿಯನ್ನು ಹೊತ್ತಿಗೆ ಸರಿಯಾಗಿ ಹಿಂದಿರುಗಿಸುತ್ತಿತ್ತು. ಅದನ್ನು ಸೇರಿಸಿ ಲೆಕ್ಕ ಹಾಕಿದರೆ ಉಳಿಯುವ ಬಂಡವಾಳ ಸುಮಾರು ೭೦ ಡಿಗ್ರಿ! ದೋಷವೆಂದು ನಾನು ತೆಗೆದುಹಾಕಿದ್ದು ನಿಜವಾಗಿ ಮಂಡಲದ ಕಾವಲುಗಾರನನ್ನು. ತಯಾರಕರ ವಿವರಪತ್ರದಲ್ಲಿ ಈ ಎಚ್ಚರಿಕೆ ಇಲ್ಲದೆ ಇರಲಿಲ್ಲ. ಹೀಗೆ ಜೋಡಿಸಿದ ಎಲ್‌ಎಂ ೩೫೮ ನೇರವಾಗಿ ತಾಳಿಕೊಳ್ಳುವ ಕೆಪಾಸಿಟರು ೫೦ ಪಿಕೋಫ್ಯಾರಡ್ ಎಂದು ಅದರಲ್ಲಿ ಅಚ್ಚಾಗಿದೆ. ನಾನು ಹಾಕಿಸಿದ್ದು ಅದರ ಎರಡು ಲಕ್ಷ ಪಟ್ಟು.

ಪರಿಹಾರ

ಪರಿಹಾರವು ಬಹಳ ಸರಳವಾದುದು. ಕೆಪಾಸಿಟರಿನ ಒಂದು ಕಾಲನ್ನು ಎತ್ತಿ, ಅದಕ್ಕೂ ನೆಲತಂತಿಗೂ ನಡುವೆ ೪.೭ ಓಮ್‌ನ ಒಂದು ರೋಧಕವನ್ನು ಬೆಸೆದೆವು. ಹಳೆಯ ಕೆಪಾಸಿಟರು ತಿಳಿಯದೆ ಮಾಡುತ್ತಿದ್ದ ಕೆಲಸವನ್ನು ಈಗ ತಿಳಿದು ಮಾಡಿಸಿದಂತಾಯಿತು. ಲೆಕ್ಕದಂತೆ ಬಂಡವಾಳವು ೮೦ ಡಿಗ್ರಿಯನ್ನು ಮೀರುತ್ತದೆ. ಸೆರಾಮಿಕ್ ಆರುವುದಿಲ್ಲವಾದ್ದರಿಂದ ಬಾಳಿಕೆಯೂ ಉಳಿಯಿತು. ಒಂದು ರೂಪಾಯಿಯೂ ಬಾಳದ ರೋಧಕದಿಂದ ಅಂಕಿಗಳು ನಿಂತುವು.

ಇನ್ನೊಂದು ಮಾರ್ಗವೂ ಉಂಟು. ಆಪ್-ಆಂಪಿಗೂ ಕೆಪಾಸಿಟರಿಗೂ ನಡುವೆಯೇ ರೋಧಕವನ್ನು ಇರಿಸುವುದು. ಆದರೆ ಪ್ರಮಾಣ ವೋಲ್ಟೇಜಿನಲ್ಲಿ ಇದನ್ನು ಎಚ್ಚರದಿಂದ ಮಾಡಬೇಕು. ೪೭ ಓಮ್‌ನಲ್ಲಿ ೧ ಮಿಲಿಆಂಪಿಯರ್ ಹರಿದರೆ ೪೭ ಮಿಲಿವೋಲ್ಟು ಅಲ್ಲಿಯೇ ನಷ್ಟವಾಗಿ, ೨.೫ ವೋಲ್ಟಿನಲ್ಲಿ ಶೇಕಡಾ ೨ರ ಸಮೀಪದ ತಪ್ಪು ಬರುತ್ತದೆ. ಅಂತಹ ಸಂದರ್ಭದಲ್ಲಿ ನಿಧಾನದ ಮರುಪೂರಣವನ್ನು ರೋಧಕದ ಆಚೆಯಿಂದಲೂ, ವೇಗದ ಮರುಪೂರಣವನ್ನು ಚಿಕ್ಕ ಕೆಪಾಸಿಟರೊಂದರ ಮೂಲಕ ಆಪ್-ಆಂಪಿನ ಬಾಯಿಂದಲೂ ತೆಗೆದುಕೊಳ್ಳುವ ಇಮ್ಮಡಿ ಮರುಪೂರಣವನ್ನು ಅನುಸರಿಸುತ್ತಾರೆ.

ದೋಷಶೋಧನೆಯ ಕ್ರಮ

ಇಂತಹ ಮಂಡಲವು ಕೈಗೆ ಬಂದಾಗ ಯಾವ ಕ್ರಮದಲ್ಲಿ ಪರೀಕ್ಷಿಸಬೇಕೆಂಬುದನ್ನು ಅಧ್ಯಾಪಕರ ಹಾಗೂ ವಿದ್ಯಾರ್ಥಿಗಳ ಉಪಯೋಗಕ್ಕಾಗಿ ಸಂಗ್ರಹಿಸಿ ಹೇಳುತ್ತೇನೆ.

೧. ಮಲ್ಟಿಮೀಟರನ್ನು ಮಾತ್ರ ನಂಬಬಾರದು. ಸರಾಸರಿ ಸರಿಯಿದ್ದ ಮಾತ್ರಕ್ಕೆ ಸ್ಥಿರತೆಯಿದೆ ಎಂದಾಗದು. ಆಸಿಲೋಸ್ಕೋಪಿನಲ್ಲಿ ನೋಡಬೇಕು. ಹತ್ತರಲ್ಲೊಂದು ಪಾಲು ತೋರಿಸುವ ಪ್ರೋಬನ್ನೇ ಬಳಸಬೇಕು. ಇಲ್ಲವಾದರೆ ಪ್ರೋಬಿನ ತಂತಿಯೇ ಕೆಪಾಸಿಟರಾಗಿ ಹೊಸ ಆಂದೋಲನವನ್ನು ಹುಟ್ಟಿಸಬಹುದು.

೨. ಏರಿಳಿತದ ವೇಗವನ್ನು ಎಣಿಸಬೇಕು. ಸೆಕೆಂಡಿಗೆ ೫೦ ಇದ್ದರೆ ಹತ್ತಿರದ ವಿದ್ಯುತ್ ತಂತಿಗಳಿಂದಲೋ ನೆಲತಂತಿಯ ಜೋಡಣೆಯಿಂದಲೋ ಬಂದುದು. ೧೦೦ ಇದ್ದರೆ ವಿದ್ಯುತ್ ಪೂರೈಕೆಯ ಭಾಗದಲ್ಲಿ ಶೋಧನೆ ಸಾಲದು. ಸಾವಿರಗಳಲ್ಲಿಯೋ ಲಕ್ಷಗಳಲ್ಲಿಯೋ ಇದ್ದರೆ ಆಂದೋಲನವನ್ನು ಮೊದಲು ಶಂಕಿಸಬೇಕು. ನಿಮಿಷಗಳಲ್ಲಿ ಮೆಲ್ಲನೆ ಸರಿಯುವುದಾದರೆ ಉಷ್ಣತೆಯ ಪ್ರಭಾವ.

೩. ಮಂಡಲವನ್ನು ವಿಭಾಗಿಸಿ ನೋಡಬೇಕು. ಪ್ರಮಾಣ ಭಾಗವನ್ನು ಆಪ್-ಆಂಪಿನಿಂದ ಬಿಡಿಸಿ ಒಂಟಿಯಾಗಿ ಪರೀಕ್ಷಿಸಬೇಕು. ಟಿಎಲ್ ೪೩೧ ತಾನೇ ಆಂದೋಲಿಸುವುದುಂಟು. ಯಾವ ಬೆಲೆಯ ಕೆಪಾಸಿಟರುಗಳು ಅದಕ್ಕೆ ಸಲ್ಲವೆಂಬ ನಕ್ಷೆ ಅದರ ವಿವರಪತ್ರದಲ್ಲಿಯೇ ಇದೆ.

೪. ಆಪ್-ಆಂಪಿನ ವಿದ್ಯುತ್ ಪೂರೈಕೆಯ ಕಾಲುಗಳ ಬಳಿಯಲ್ಲಿಯೇ ೦.೧ ಮೈಕ್ರೋಫ್ಯಾರಡ್‌ನ ಕೆಪಾಸಿಟರು ಇದೆಯೇ ಎಂದು ನೋಡಬೇಕು. ಹೊರದಾರಿಗೆ ಹೊರೆಯಾಗುವ ಕೆಪಾಸಿಟರೇ ಇಲ್ಲಿ ಆಸರೆಯಾಗುತ್ತದೆ.

೫. ಹೊರದಾರಿಯ ಕೆಪಾಸಿಟರನ್ನೂ ಉದ್ದವಾದ ತಂತಿಯನ್ನೂ ಒಮ್ಮೆ ಬಿಡಿಸಿ ನೋಡಬೇಕು. ಕುಣಿತ ನಿಂತರೆ ಕಾರಣ ಸಿಕ್ಕಿದಂತೆ.

೬. ಇಷ್ಟಾದ ಮೇಲೆಯೇ ಬೆಸುಗೆಯನ್ನೂ, ಬೋರ್ಡಿನ ಮೇಲೆ ಉಳಿದ ಬೆಸುಗೆಯ ಅಂಟನ್ನೂ, ತೇವವನ್ನೂ ಪರೀಕ್ಷಿಸಬೇಕು. ನಾವು ಮಾಡಿದ ತಪ್ಪೆಂದರೆ ಈ ಕಡೆಯ ಹೆಜ್ಜೆಯನ್ನು ಮೊದಲಿಗೆ ಇಟ್ಟುದು.

ಎಲ್ಲಕ್ಕಿಂತ ಮಿಗಿಲಾಗಿ, ಸರಿಯಾಗಿರುವ ಬೋರ್ಡು ಒಂದಾದರೂ ಇದ್ದರೆ, ಕೆಟ್ಟುದರ ಪಕ್ಕದಲ್ಲಿ ಅದನ್ನು ಇಟ್ಟು ವ್ಯತ್ಯಾಸವನ್ನು ಹುಡುಕಬೇಕು. ನಮ್ಮಲ್ಲಿ ಅದನ್ನು ಮಾಡಿದವಳು ಬೆಸುಗೆಯ ಹೆಣ್ಣುಮಗಳು ಒಬ್ಬಳೇ.

ಉಪಸಂಹಾರ

ಆ ದಿನ ಸಂಜೆ ಘಟಕದ ಎಲ್ಲರ ಎದುರಿಗೆ, ತಪ್ಪು ನನ್ನ ವಿನ್ಯಾಸದ್ದೆಂದು ಹೇಳಿದೆ. ಹಿಡಿದಿದ್ದ ಕೂಲಿಯನ್ನು ಅವಳಿಗೆ ಕೊಡಲಾಯಿತು. ಅನಂತರ ಪರೀಕ್ಷೆಯ ಮೇಜಿಗೂ ಅವಳನ್ನೇ ನೇಮಿಸಲಾಯಿತು. ಆದರೂ ಆ ಎರಡು ದಿನಗಳ ನೆನಪು ನನ್ನನ್ನು ಬಿಟ್ಟಿಲ್ಲ. ಮೀಟರಿನ ಸರಾಸರಿಯನ್ನು ಸತ್ಯವೆಂದು ಬಗೆದು, ಕೈಕೆಲಸದವಳನ್ನು ಸುಳ್ಳೆಂದು ಬಗೆದೆವಲ್ಲ! ಶರಣರು ಕಾಯಕದಲ್ಲಿ ಮೇಲುಕೀಳನ್ನು ಒಪ್ಪಲಿಲ್ಲವೆಂದು ಶ್ರೀಮಠದ ಪ್ರಾರ್ಥನಾ ಮಂದಿರದಲ್ಲಿ ಕುಳಿತು ಕೇಳಿದವನು ನಾನು. ಕೇಳಿದ್ದು ಕಿವಿಯಲ್ಲಿ ಉಳಿದಿತ್ತು, ಕೈಗೆ ಇಳಿದಿರಲಿಲ್ಲ. ಮಂಡಲವು ಸ್ಥಿರವಾಗಿರಲು ತುದಿಯ ಸುದ್ದಿ ತಡವಿಲ್ಲದೆ ಹಿಂತಿರುಗಬೇಕು ಎಂಬ ನಿಯಮ ವಿದ್ಯುತ್ತಿಗೆ ಮಾತ್ರ ಸಂಬಂಧಿಸಿದುದಲ್ಲ. ಅವಳು ಮೊದಲ ದಿನವೇ ಅಂಜದೆ ಹೇಳಬಹುದಾದ ವಾತಾವರಣ ನಮ್ಮಲ್ಲಿದ್ದಿದ್ದರೆ ಎರಡು ದಿನಗಳ ವಿಳಂಬವೇ ಆಗುತ್ತಿರಲಿಲ್ಲ.

ನಮ್ಮ ಶಾಲೆಯ ಅಧ್ಯಾಪಕರಲ್ಲಿ ಒಂದು ವಿಜ್ಞಾಪನೆ. ಮೇಲೆ ವಿವರಿಸಿದ ಪ್ರಯೋಗವನ್ನು ಒಂದು ಎಲ್‌ಎಂ ೩೫೮, ಎರಡು ಬಗೆಯ ಕೆಪಾಸಿಟರು ಮತ್ತು ಕೆಲವು ರೋಧಕಗಳಿಂದ ಮೇಜಿನ ಮೇಲೆ ಮಾಡಿ ತೋರಿಸಬಹುದು. ಇವೆಲ್ಲವೂ ಅಲ್ಪ ಬೆಲೆಯವು. ಬೆಲೆಯುಳ್ಳದ್ದು ಆಸಿಲೋಸ್ಕೋಪು ಒಂದೇ. ಪ್ರಸಾದನಿಲಯದಲ್ಲಿ ಉಂಡು ಓದಿದ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಕೂಡಿ ಪ್ರಯೋಗಾಲಯಕ್ಕೆ ಅಂತಹ ಒಂದು ಉಪಕರಣವನ್ನು ಒದಗಿಸಿದರೆ ಅದೂ ದಾಸೋಹವೇ ಆದೀತು. ಮೀಟರು ‘ಸರಿಯಿದೆ’ ಎಂದಾಗಲೂ ಒಳಗೆ ನಡೆಯುತ್ತಿರುವುದನ್ನು ನಮ್ಮ ಮಕ್ಕಳು ಕಣ್ಣಾರೆ ಕಾಣಲಿ. ಕಂಡ ಮೇಲೆ ತಪ್ಪು ಯಾರದೆಂದು ನಿರ್ಧರಿಸುವ ವಿವೇಕ ಅವರಿಗೆ ನಮಗಿಂತ ಬೇಗ ಬರಲಿ ಎಂದು ಹಾರೈಸುತ್ತೇನೆ.